ಎಂಜಿನ್ ಇಳಿಸುವುದೆಂದರೆ ಕಾರನ್ನು ಎತ್ತುವುದು

"ಎಂಜಿನ್ ಇಳಿಸಬೇಕಾಗುತ್ತದೆ" ಎಂದು ಮೆಕ್ಯಾನಿಕ್ ಹೇಳಿದ ಕೂಡಲೇ ಗಾಡಿಯ ಮಾಲೀಕನ ಎದೆ ಧಸಕ್ಕೆನ್ನುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಆ ಮಾತಿಗೆ ದೊಡ್ಡ ಖರ್ಚು, ವಾರಗಟ್ಟಲೆ ಕಾಯುವುದು ಎಂದೇ ಅರ್ಥ. ಬಾಯಲ್ಲಿ ಇಳಿಸುವುದು ಎಂದರೂ ಹೆಚ್ಚಿನ ಹಳೆಯ ಕಾರು, ಜೀಪುಗಳಲ್ಲಿ ನಡೆಯುವುದು ಅದರ ತಿರುವುಮುರುವು. ಬಾನೆಟ್ ಕಳಚಿ, ಚೈನ್ ಪುಲ್ಲಿ ಕಟ್ಟಿ, ಎಂಜಿನ್ನನ್ನು ಮೇಲಕ್ಕೆತ್ತಿ ಹೊರಗೆ ತೆಗೆಯುತ್ತಾರೆ. ಆ ಮಾತನ್ನು ಅಕ್ಷರಶಃ ನಿಜ ಮಾಡುವ ಕಾರೊಂದಿದೆ. ಅದು ಗಾಳಿಯಿಂದ ತಣಿಯುವ ಹಳೆಯ ಪೋರ್ಷೆ 911. ಅದರ ಎಂಜಿನ್ ಮೇಲಿನಿಂದ ಬರುವುದೇ ಇಲ್ಲ. ಕಾರನ್ನು ಎತ್ತರಕ್ಕೆ ಏರಿಸಿ, ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಕೆಳಗಿಳಿಸಿ, ಬಂಪರಿನ ಅಡಿಯಿಂದ ಹಿಂದಕ್ಕೆ ಎಳೆದುಕೊಳ್ಳಬೇಕು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಬಳಿ ನೆಲೆಸಿರುವ ನನ್ನ ಗೆಳೆಯನ ಬಳಿ 1982ರ 911 ಎಸ್‌ಸಿ ಮಾದರಿಯ ಕಾರಿದೆ. ಅದರ ಕ್ಲಚ್ ಜಾರುತ್ತಿತ್ತು, ನಿಲ್ಲಿಸಿದಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎರಡು ವಾರಾಂತ್ಯ ನಾವಿಬ್ಬರೂ ಅವನ ಮನೆಯ ಗ್ಯಾರೇಜಿನಲ್ಲೇ ಆ ಎಂಜಿನ್ ಇಳಿಸಿ ಮತ್ತೆ ಏರಿಸಿದೆವು. ಲಿಫ್ಟ್ ಇರಲಿಲ್ಲ. ಜಾಕ್, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್, ಪ್ಲೈವುಡ್ ತುಂಡು ಮತ್ತು ತಾಳ್ಮೆ ಇದ್ದವು. ಆಗ ನನಗೆ ಮನದಟ್ಟಾದ ಸಂಗತಿಯನ್ನೇ ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ. ಈ ಎಂಜಿನ್ನಿನ ಭಾರವನ್ನು ಹೊತ್ತಿರುವುದು ನಾಲ್ಕೇ ನಾಲ್ಕು ದಪ್ಪ ಬೋಲ್ಟುಗಳು. ಅವುಗಳನ್ನು ಬಿಚ್ಚುವುದು ಕಾಲು ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ಹೋಗುವುದು ಎಂಜಿನ್ನಿಗೂ ಕಾರಿಗೂ ನಡುವೆ ಇರುವ ಕೊಳವೆ, ತಂತಿ, ಕೇಬಲ್, ಸರಳುಗಳನ್ನು ಹುಡುಕಿ ಹುಡುಕಿ ಬಿಡಿಸುವುದಕ್ಕೆ. ಯಾವುದು ಏಕಿದೆ ಎಂದು ಗೊತ್ತಿದ್ದರೆ ಈ ಕೆಲಸ ಕಷ್ಟದ್ದಲ್ಲ, ಉದ್ದದ್ದು ಅಷ್ಟೇ.

ಮೊದಲು ಕಾರಿನ ರಚನೆ ಕಣ್ಣಿಗೆ ಕಟ್ಟಬೇಕು. 1963ರಲ್ಲಿ ಫ್ರಾಂಕ್‌ಫರ್ಟ್ ವಾಹನ ಮೇಳದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಾಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತನ್ನವು ಎಂದು ಫ್ರಾನ್ಸಿನ ಪೂಜೋ ಕಂಪನಿ ಆಕ್ಷೇಪ ಎತ್ತಿದ್ದರಿಂದ 911 ಆಯಿತು. ಅಂದಿನ ಎಂಜಿನ್ 1991 ಸಿಸಿಯದು, 130 ಅಶ್ವಶಕ್ತಿಯದು. 1998ರಲ್ಲಿ ಗಾಳಿ ತಂಪಿನ ಕೊನೆಯ 911 ಹೊರಬರುವವರೆಗೂ ಮೂಲ ಜೋಡಣೆ ಬದಲಾಗಲಿಲ್ಲ. ಆರು ಸಿಲಿಂಡರುಗಳು, ಎಡಕ್ಕೆ ಮೂರು ಬಲಕ್ಕೆ ಮೂರು, ನೆಲಕ್ಕೆ ಸಮನಾಗಿ ಮಲಗಿವೆ. ಇಡೀ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ನೇತಾಡುತ್ತದೆ. ಅದರ ಮುಂದೆ, ಸೀಟುಗಳ ಕಡೆಗೆ ಮೂತಿ ಮಾಡಿಕೊಂಡು ಗೇರ್‌ಬಾಕ್ಸ್ ಇದೆ. ಗೇರ್‌ಬಾಕ್ಸಿನ ಎರಡೂ ಪಕ್ಕದಿಂದ ಹೊರಟ ಆಕ್ಸಲ್‌ಗಳು ಚಕ್ರಗಳನ್ನು ತಿರುಗಿಸುತ್ತವೆ. ಕ್ಲಚ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಸಂದಿಯಲ್ಲಿ. ಅಲ್ಲಿಗೆ ಕೈ ಹೋಗಬೇಕಾದರೆ ಇವೆರಡನ್ನೂ ಬೇರೆ ಮಾಡಬೇಕು. ಬೇರೆ ಮಾಡಲು ಕಾರಿನೊಳಗೆ ಜಾಗವಿಲ್ಲ. ಹಾಗಾಗಿ ಕ್ಲಚ್ ಬದಲಿಸುವಂಥ ಮಾಮೂಲಿ ಕೆಲಸಕ್ಕೂ ಎಂಜಿನ್ ಇಳಿಯಲೇಬೇಕು.

ಗಾಳಿ ತಂಪು ಎಂದರೇನು ಎಂಬುದು ಹಳೆಯ ಮೋಟಾರ್‌ಸೈಕಲ್ ನೋಡಿದವರಿಗೆಲ್ಲ ಗೊತ್ತು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಸಿಲಿಂಡರಿನ ಸುತ್ತ ಇದ್ದ ಲೋಹದ ರೆಕ್ಕೆಗಳನ್ನು ನೆನಪಿಸಿಕೊಳ್ಳಿ. ಓಡುವ ಗಾಡಿಗೆ ಎದುರಾಗುವ ಗಾಳಿಯೇ ಆ ರೆಕ್ಕೆಗಳ ನಡುವೆ ಹಾಯ್ದು ಬಿಸಿಯನ್ನು ಒಯ್ಯುತ್ತಿತ್ತು. 911ರ ಸಿಲಿಂಡರುಗಳಿಗೂ ಅಂಥವೇ ರೆಕ್ಕೆಗಳಿವೆ. ಆದರೆ ಎಂಜಿನ್ ಕಾರಿನ ಹಿಂದೆ, ಮುಚ್ಚಿದ ಗೂಡಿನಲ್ಲಿರುವುದರಿಂದ ಎದುರುಗಾಳಿ ಅದಕ್ಕೆ ತಾಗುವುದಿಲ್ಲ. ಅದಕ್ಕಾಗಿ ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್ ಮೇಲಿನಿಂದ ಗಾಳಿಯನ್ನು ಒತ್ತಿ ಕೆಳಕ್ಕೆ ತಳ್ಳುತ್ತದೆ. ಆಲ್ಟರ್ನೇಟರ್ ಕೂಡ ಅದೇ ಫ್ಯಾನಿನ ಹೊಟ್ಟೆಯಲ್ಲಿದೆ. ಬೆಲ್ಟ್ ಹರಿದರೆ ಚಾರ್ಜೂ ಹೋಯಿತು, ತಂಪೂ ಹೋಯಿತು. ಕೂಡಲೇ ಕಾರು ನಿಲ್ಲಿಸದಿದ್ದರೆ ಎಂಜಿನ್ ಸುಟ್ಟುಹೋಗುತ್ತದೆ.

ಫ್ಯಾನ್ ತಳ್ಳಿದ ಗಾಳಿ ಸಿಲಿಂಡರುಗಳನ್ನು ದಾಟಿ ಕೆಳಗೆ ಬರುವಾಗ ಕಾದಿರುತ್ತದೆ. ಆ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳಬಾರದು. ಅದಕ್ಕೆಂದೇ ಎಂಜಿನ್ನಿನ ಸುತ್ತ ತಗಡಿನ ತಟ್ಟೆಗಳಿದ್ದು, ಅವುಗಳ ಅಂಚಿಗೂ ಕಾರಿನ ಮೈಗೂ ನಡುವೆ ರಬ್ಬರಿನ ಪಟ್ಟಿ ಕೂರುತ್ತದೆ. ಮೇಲೆ ತಣ್ಣನೆಯ ಲೋಕ, ಕೆಳಗೆ ಬಿಸಿಯ ಲೋಕ. ನಡುವೆ ಗಡಿಯಂತೆ ಈ ತಗಡು ಮತ್ತು ರಬ್ಬರು. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಎಣ್ಣೆಯ ಏರ್ಪಾಡು ಇನ್ನೂ ಬೇರೆ. ಸಾಮಾನ್ಯ ಕಾರಿನಲ್ಲಿ ಎಣ್ಣೆ ಎಂಜಿನ್ನಿನ ತಳದ ತೊಟ್ಟಿಯಲ್ಲಿ ನಿಂತಿರುತ್ತದೆ. ಇಲ್ಲಿ ಹಾಗಲ್ಲ. ಒಂದು ಪಂಪು ತಳಕ್ಕೆ ಬಿದ್ದ ಎಣ್ಣೆಯನ್ನು ಎಳೆದು ಬಲಬದಿಯ ಹಿಂದಿನ ಮಡ್‌ಗಾರ್ಡಿನೊಳಗಿರುವ ಟ್ಯಾಂಕಿಗೆ ಕಳಿಸುತ್ತದೆ. ಇನ್ನೊಂದು ಅಲ್ಲಿಂದ ತಂದು ಬೇರಿಂಗುಗಳಿಗೆ ಉಣಿಸುತ್ತದೆ. ತಿರುವಿನಲ್ಲಿ ಕಾರು ಎಷ್ಟು ವಾಲಿದರೂ ಎಂಜಿನ್ನಿಗೆ ಎಣ್ಣೆ ತಪ್ಪದಿರಲಿ ಎಂಬುದು ಇದರ ಉದ್ದೇಶ. 1972ರ ಮಾದರಿಯಲ್ಲಿ ಮಾತ್ರ ಈ ಟ್ಯಾಂಕನ್ನು ಹಿಂದಿನ ಚಕ್ರಕ್ಕಿಂತ ಮುಂದೆ ತಂದು, ಎಣ್ಣೆ ಸುರಿಯಲು ಕಾರಿನ ಹೊರಮೈಯಲ್ಲೇ ಮುಚ್ಚಳ ಇಟ್ಟಿದ್ದರು. ಪೆಟ್ರೋಲ್ ಬಂಕಿನವರು ಅದನ್ನೇ ಪೆಟ್ರೋಲ್ ಮುಚ್ಚಳವೆಂದು ತಿಳಿದು ಎಣ್ಣೆಯ ಟ್ಯಾಂಕಿಗೆ ಪೆಟ್ರೋಲ್ ತುಂಬಿದ ಪ್ರಸಂಗಗಳು ನಡೆದು, ಮರುವರ್ಷವೇ ಅದು ಹಳೆಯ ಜಾಗಕ್ಕೆ ಮರಳಿತು. ಎಸ್‌ಸಿಯಲ್ಲಿ ಒಟ್ಟು ಸುಮಾರು 13 ಲೀಟರ್ ಎಣ್ಣೆ ಇರುತ್ತದೆ. ನಾಲ್ಕು ಲೀಟರಿನ ಡಬ್ಬ ಇಟ್ಟುಕೊಂಡು ಡ್ರೇನ್ ಬೋಲ್ಟ್ ಬಿಚ್ಚಿದರೆ ನೆಲವೆಲ್ಲ ಎಣ್ಣೆ. ಎರಡು ಕಡೆ ಬೋಲ್ಟ್ ಇದೆ, ಟ್ಯಾಂಕಿನ ಕೆಳಗೊಂದು, ಎಂಜಿನ್ನಿನ ತಳದಲ್ಲೊಂದು. ಎಂಜಿನ್ ಬೆಚ್ಚಗಿರುವಾಗಲೇ ಎಣ್ಣೆ ಬಸಿದುಕೊಂಡರೆ ಕೊಳೆಯೂ ಜೊತೆಯಲ್ಲಿ ಬರುತ್ತದೆ. ಆದರೂ ಎಣ್ಣೆಯನ್ನು ತಣಿಸಲು ಕಾರಿನ ಮುಂಭಾಗದಲ್ಲಿರುವ ಕೂಲರಿನಲ್ಲಿ, ಅಲ್ಲಿಗೆ ಹೋಗುವ ಉದ್ದದ ಕೊಳವೆಗಳಲ್ಲಿ ಕೆಲವು ಲೀಟರ್ ಉಳಿದುಕೊಂಡೇ ಇರುತ್ತದೆ. ಹೊಸ ಎಣ್ಣೆ ತುಂಬುವಾಗ ಈ ಲೆಕ್ಕ ಮರೆಯಬಾರದು.

ಈಗ ಕಾರನ್ನು ಎತ್ತುವ ಕೆಲಸ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಉಳಿದ ಯಾವ ತಪ್ಪಿಗೂ ಬೆಲೆ ಹಣ, ಇಲ್ಲಿಯ ತಪ್ಪಿಗೆ ಬೆಲೆ ಜೀವ. ಫ್ಯಾನಿನ ಮೇಲ್ತುದಿಯವರೆಗೆ ಎಂಜಿನ್ ಎತ್ತರವಾಗಿದೆ. ಅದು ಜಾಕಿನ ಮೇಲೆ ಕೂತು ಬಂಪರಿನ ಅಡಿಯಿಂದ ಹೊರಬರಬೇಕಾದರೆ ಬಂಪರಿನ ಕೆಳ ಅಂಚು ನೆಲದಿಂದ ಮುಕ್ಕಾಲು ಮೀಟರಿಗೂ ಮೇಲೆ ಇರಬೇಕು. ಒಂದೇ ಸಲಕ್ಕೆ ಅಷ್ಟು ಎತ್ತಲಾಗದು. ಹಿಂದೆ ಒಂದು ಮೆಟ್ಟಿಲು, ಮುಂದೆ ಒಂದು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಸ್ಟ್ಯಾಂಡ್ ಒಂದೊಂದು ಹಲ್ಲು ಮೇಲಕ್ಕೆ. ಹೀಗೆ ಏರಬೇಕು. ಹಿಂದಿನ ಸ್ಟ್ಯಾಂಡುಗಳಿಗೆ ಸರಿಯಾದ ಜಾಗವೆಂದರೆ ಹಿಂದಿನ ಚಕ್ರಗಳ ತುಸು ಮುಂದೆ ಕಾರಿನ ಅಡ್ಡಕ್ಕೆ ಹಾಯುವ ದಪ್ಪ ಕೊಳವೆಯ ಎರಡು ತುದಿ. ಕಾರಿನ ಹಿಂದಿನ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್‌ಗಳು ಆ ಕೊಳವೆಯೊಳಗಿವೆ. ಕಾರಿನ ಭಾರ ಹೊರಲೆಂದೇ ಮಾಡಿದ ಭಾಗ ಅದು. ಪಕ್ಕದ ತಗಡಿಗೆ ಸ್ಟ್ಯಾಂಡ್ ಕೊಟ್ಟರೆ ಹಳೆಯ ಕಾರಿನಲ್ಲಿ ಅದು ತುಕ್ಕು ಹಿಡಿದು ಒಳಗೆ ಪೊಳ್ಳಾಗಿರಬಹುದು.

ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ ಎಂಬ ಧೈರ್ಯವೂ ಇಲ್ಲಿ ಸಲ್ಲದು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವು ಗಾಳಿಯಲ್ಲಿದ್ದಾಗ ಅದು ಏನನ್ನೂ ಹಿಡಿದಂತಲ್ಲ. ಇಳಿಜಾರಿನಲ್ಲಿ ಲಾರಿಯ ಕ್ಲೀನರ್ ಇಡುವಂಥ ಮರದ ತುಂಡುಗಳನ್ನು ಮುಂದಿನ ಚಕ್ರಗಳ ಎರಡೂ ಕಡೆ ಒತ್ತರಿಸಿ ಇಟ್ಟ ಮೇಲೆಯೇ ಹಿಂಭಾಗ ಏರಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಖಂಡಿತ ಬೇಡ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಪೂರ್ತಿ ಏರಿಸಿದ ಮೇಲೆ, ಅಡಿಗೆ ಹೋಗುವ ಮೊದಲು, ಕಾರನ್ನು ಭುಜ ಕೊಟ್ಟು ಜೋರಾಗಿ ಅಲುಗಿಸಿ ನೋಡಬೇಕು. ಬೀಳುವುದಾದರೆ ಆಗಲೇ ಬೀಳಲಿ. ಕಳಚಿದ ಚಕ್ರಗಳನ್ನು ಕಾರಿನ ಅಡಿಗೆ ಮಲಗಿಸಿಡುವುದು ನನ್ನ ಅಭ್ಯಾಸ. ಎಲ್ಲವೂ ಕೈಕೊಟ್ಟರೂ ಮನುಷ್ಯನಿಗೊಂದು ಗೇಣು ಜಾಗ ಉಳಿಯುತ್ತದೆ.

ಇನ್ನು ಸಂಬಂಧಗಳನ್ನು ಬಿಡಿಸುವುದು. ಸಿಕ್ಕಸಿಕ್ಕ ನಟ್ಟಿಗೆ ಸ್ಪ್ಯಾನರ್ ಹಾಕುವ ಬದಲು, ಎಂಜಿನ್ನಿಗೆ ಏನು ಬರುತ್ತದೆ, ಅದರಿಂದ ಏನು ಹೋಗುತ್ತದೆ ಎಂದು ಕೇಳಿಕೊಳ್ಳುತ್ತ ಹೋದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಬರುವುದು ವಿದ್ಯುತ್ತು, ಪೆಟ್ರೋಲ್, ಎಣ್ಣೆ, ಗಾಳಿ, ಚಾಲಕನ ಅಪ್ಪಣೆ. ಹೋಗುವುದು ಬಲ, ಬಿಸಿ, ಮತ್ತೆ ಅದೇ ಎಣ್ಣೆ.

ವಿದ್ಯುತ್ತೇ ಮೊದಲು. ಬ್ಯಾಟರಿ ಇರುವುದು ಕಾರಿನ ಮುಂಭಾಗದಲ್ಲಿ, ಸ್ಟಾರ್ಟರ್ ಹಿಂದೆ. ಇವೆರಡರ ನಡುವಿನ ಹೆಬ್ಬೆರಳು ಗಾತ್ರದ ತಂತಿಯಲ್ಲಿ ಕೀಲಿ ತೆಗೆದರೂ ಕರೆಂಟು ಇದ್ದೇ ಇರುತ್ತದೆ, ನಡುವೆ ಸ್ವಿಚ್ಚಿಲ್ಲ. ಸ್ಪ್ಯಾನರ್ ಅದಕ್ಕೂ ಕಾರಿನ ಮೈಗೂ ಒಟ್ಟಿಗೆ ತಗುಲಿದರೆ ಕಿಡಿ ಹಾರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಪೈಪು. ಆದ್ದರಿಂದ ಬ್ಯಾಟರಿಯ ತಂತಿ ಕಳಚುವ ತನಕ ಬೇರೆ ಯಾವುದನ್ನೂ ಮುಟ್ಟಬಾರದು. ಆಮೇಲಿನದು ಸುಲಭ. ಎಂಜಿನ್ನಿನ ಹೆಚ್ಚಿನ ತಂತಿಗಳೆಲ್ಲ ಒಂದೇ 14 ಪಿನ್ನಿನ ಪ್ಲಗ್ಗಿನಲ್ಲಿ ಸೇರಿ, ಎಂಜಿನ್ ಗೂಡಿನ ಎಡಪಕ್ಕದಲ್ಲಿ ಕೂರುತ್ತವೆ. ಅದನ್ನು ಎಳೆದರೆ ಹತ್ತಾರು ತಂತಿ ಒಮ್ಮೆಗೇ ಬಿಡುಗಡೆ. ಜರ್ಮನ್ ಎಂಜಿನಿಯರುಗಳು ಈ ಎಂಜಿನ್ ಆಗಾಗ ಇಳಿಯಲಿದೆ ಎಂದು ತಿಳಿದೇ ವಿನ್ಯಾಸ ಮಾಡಿದ್ದಾರೆ ಎನ್ನುವುದು ಇಂಥ ಕಡೆ ಕಾಣುತ್ತದೆ. ನನಗೆ ಈ ಕಾರಿನ ಮೇಲೆ ಗೌರವ ಹುಟ್ಟಿದ್ದು ಅದರ ವೇಗ ನೋಡಿ ಅಲ್ಲ, ಈ ಪ್ಲಗ್ ನೋಡಿ.

ಪೆಟ್ರೋಲಿನ ವಿಷಯದಲ್ಲಿ ಒಂದು ಎಚ್ಚರ. ಎಸ್‌ಸಿಯ ಇಂಧನ ವ್ಯವಸ್ಥೆ ಸುಮಾರು 5 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಎಂಜಿನ್ ನಿಂತ ಮೇಲೂ ಬಹಳ ಹೊತ್ತು ಒತ್ತಡ ಉಳಿಸಿಕೊಳ್ಳುತ್ತದೆ. ನಟ್ಟಿನ ಮೇಲೆ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ನಿಧಾನ ಸಡಿಲಿಸಬೇಕು. ಹೋಗುವ ಪೈಪೊಂದು, ಮರಳುವ ಪೈಪೊಂದು. ಎರಡರ ಬಾಯಿಗೂ ಬಿರಡೆ ಹಾಕಬೇಕು.

ಎಣ್ಣೆಯ ಪೈಪುಗಳಿಗೆ ಎರಡು ಸ್ಪ್ಯಾನರ್ ಬೇಕು. ಒಂದು ನಟ್ಟನ್ನು ತಿರುಗಿಸಲು, ಇನ್ನೊಂದು ಎದುರು ಭಾಗವನ್ನು ಅಲುಗದಂತೆ ಹಿಡಿಯಲು. ಒಂದೇ ಕೈಯಲ್ಲಿ ಬಲ ಹಾಕಿದರೆ ದಶಕಗಳ ಹಳೆಯ ಪೈಪು ಹಗ್ಗದಂತೆ ತಿರುಚಿಕೊಳ್ಳುತ್ತದೆ. ಗಾಳಿಯ ಕೊಳವೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೈಲೆನ್ಸರ್ ಕಡೆಯ ಬಿಸಿಯಿಂದ ಕಾದ ಗಾಳಿಯನ್ನು ಚಳಿಗಾಲದಲ್ಲಿ ಕಾರಿನೊಳಕ್ಕೆ ಒಯ್ಯುವ ಎರಡು ದಪ್ಪ ಕೊಳವೆ, ಬ್ರೇಕ್ ಬೂಸ್ಟರಿಗೆ ಹೋಗುವ ಸಣ್ಣದೊಂದು. ಕ್ಲಿಪ್ ಸಡಿಲಿಸಿದರೆ ಬರುತ್ತವೆ. ಎಸಿ ಇದ್ದರೆ ಕಂಪ್ರೆಸರಿನ ಬೋಲ್ಟ್ ಬಿಚ್ಚಿ, ಪೈಪುಗಳನ್ನು ತೆರೆಯದೆ ಹಾಗೆಯೇ ಪಕ್ಕಕ್ಕೆ ಕಟ್ಟಬೇಕು.

ಚಾಲಕನ ಅಪ್ಪಣೆ ಮೂರು ದಾರಿಯಲ್ಲಿ ಬರುತ್ತದೆ. ಕ್ಲಚ್ ಕೇಬಲ್, ಆಕ್ಸಿಲರೇಟರಿನ ಸರಳು, ಗೇರಿನ ಸರಳು. ಮೊದಲೆರಡು ಅಡಿಯಿಂದ ಸಿಗುತ್ತವೆ. ಮೂರನೆಯದು ಕಾರಿನ ಒಳಗಿದೆ. ಹಿಂದಿನ ಸೀಟುಗಳ ನಡುವೆ ಜಮಖಾನ ಎತ್ತಿದರೆ ಚಿಕ್ಕ ತಗಡಿನ ಮುಚ್ಚಳ. ಅದರಡಿಯಲ್ಲಿ ಗೇರ್‌ಲಿವರಿನಿಂದ ಬಂದ ಸರಳನ್ನು ಗೇರ್‌ಬಾಕ್ಸಿಗೆ ಸೇರಿಸುವ ಜೋಡಣೆ. ಅದರ ಮೊನೆಯುಳ್ಳ ಸ್ಕ್ರೂವನ್ನು ಬಿಚ್ಚಬೇಕು. ಅಡಿಯಲ್ಲಿ ಮಲಗಿ ಎಷ್ಟು ಹುಡುಕಿದರೂ ಇದು ಕಾಣುವುದಿಲ್ಲ.

ಬಲ ಹೋಗುವ ದಾರಿ ಆಕ್ಸಲ್‌ಗಳದು. ಗೇರ್‌ಬಾಕ್ಸ್ ಬಳಿಯ ಜಾಯಿಂಟಿನ ಸುತ್ತ ಇರುವ ಬೋಲ್ಟುಗಳ ತಲೆಯ ಕುಳಿಯಲ್ಲಿ ಗ್ರೀಸು, ಧೂಳು, ಮಣ್ಣು ಸೇರಿ ಕಲ್ಲಾಗಿರುತ್ತದೆ. ಆ ಕುಳಿಯೊಳಗೆ ಕೂರಬೇಕಾದ ಆರು ಮೂಲೆಯ ಅಲ್ಲೆನ್ ಕೀ ಒಳಗೆ ಹೋದಂತೆ ಕಂಡರೂ ಅರ್ಧಕ್ಕೇ ನಿಂತಿರುತ್ತದೆ. ಆಗ ಬಲ ಹಾಕಿದರೆ ಕುಳಿ ಸವೆದು ದುಂಡಗಾಗಿ, ಒಂದು ಬೋಲ್ಟಿಗೇ ಅರ್ಧ ದಿನ ಹೋಗುತ್ತದೆ. ನಾವು ಒಂದೊಂದು ಕುಳಿಯನ್ನೂ ಚೂಪು ಕಡ್ಡಿಯಿಂದ ಕೆರೆದು, ಸೀಮೆಎಣ್ಣೆ ಬಿಟ್ಟು ಬ್ರಷ್ಷಿನಲ್ಲಿ ಉಜ್ಜಿ, ಲೋಹದ ಹೊಳಪು ಕಂಡ ಮೇಲೆ ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಳ ಮುಟ್ಟಿಸಿದೆವು. ಟಿಕ್ ಟಿಕ್ ಎನ್ನುತ್ತಿದ್ದ ಸದ್ದು ತಳ ಸಿಕ್ಕಾಗ ಟಣ್ ಎನ್ನುತ್ತದೆ. ಅದು ಕೇಳಿದ ಮೇಲೆಯೇ ತಿರುಗಿಸಬೇಕು. ಒಂದೂ ಸವೆಯಲಿಲ್ಲ. ಬಿಡಿಸಿದ ಜಾಯಿಂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ತಂತಿಯಿಂದ ಮೇಲಕ್ಕೆ ನೇತುಹಾಕಿದೆವು. ಮರಳಿನ ಒಂದು ಕಣ ಒಳಹೊಕ್ಕರೂ ಅದು ಜಾಯಿಂಟನ್ನು ತಿನ್ನುತ್ತದೆ.

ಪ್ರತಿ ತಂತಿಗೂ ಕಾಗದದ ಟೇಪಿನ ಚೀಟಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲೊಂದು ಚಿತ್ರ, ಪ್ರತಿ ಗುಂಪಿನ ಬೋಲ್ಟಿಗೂ ಒಂದು ಡಬ್ಬಿ. ನೆನಪಿರುತ್ತದೆ ಎಂದುಕೊಂಡದ್ದು ಮುಂದಿನ ವಾರಕ್ಕೆ ನೆನಪಿರುವುದಿಲ್ಲ.

ಈಗ ಉಳಿದಿರುವುದು ಆ ನಾಲ್ಕು ಬೋಲ್ಟು. ಎಂಜಿನ್ನಿನ ಹಿಂದೆ ಅಡ್ಡಪಟ್ಟಿಯ ಎರಡು ತುದಿಯಲ್ಲಿ ಎರಡು, ಗೇರ್‌ಬಾಕ್ಸಿನ ಮೂತಿಯ ಕಡೆ ಎರಡು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ ಸುಮಾರು 250 ಕಿಲೋ. ಇದನ್ನು ಹೊರಲು ಮೋಟಾರ್‌ಸೈಕಲ್ ಎತ್ತುವ ಅಗಲ ತಲೆಯ ಜಾಕ್ ಒಳ್ಳೆಯದು. ಜಾಕಿನ ಮೇಲೆ ಪ್ಲೈವುಡ್ ಹಲಗೆ ಇಟ್ಟು, ಭಾರವೆಲ್ಲ ಎಂಜಿನ್ನಿನ ನಡುವಿನ ಗಟ್ಟಿ ಕೇಸಿನ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಅದರ ಅಕ್ಕಪಕ್ಕ, ಸಿಲಿಂಡರುಗಳ ಅಡಿಯಲ್ಲಿ ಎಣ್ಣೆ ಮರಳುವ ತೆಳು ಕೊಳವೆಗಳಿವೆ. ಹಲಗೆ ಅವಕ್ಕೆ ಒತ್ತಿದರೆ ನಜ್ಜುಗುಜ್ಜಾಗುತ್ತವೆ. ತೂಕದ ನಡುಬಿಂದು ಎಂಜಿನ್ನಿನ ಮುಂಭಾಗಕ್ಕೆ, ಗೇರ್‌ಬಾಕ್ಸ್ ಕಡೆಗೆ ಸರಿದಿರುತ್ತದೆ. ಜಾಕ್ ಅಲ್ಲಿ ಕೂತರೆ ಇಡೀ ಜೋಡಿ ತಕ್ಕಡಿಯಂತೆ ಸಮವಾಗಿ ನಿಲ್ಲುತ್ತದೆ.

ಜಾಕ್ ಎಷ್ಟು ಏರಿಸಬೇಕು? ಕಡಿಮೆಯಾದರೆ ಬೋಲ್ಟ್ ಬಿಚ್ಚಿದ ಕ್ಷಣ ಎಂಜಿನ್ ಧಡಕ್ಕನೆ ಕುಸಿಯುತ್ತದೆ. ಹೆಚ್ಚಾದರೆ ಕಾರೇ ಸ್ಟ್ಯಾಂಡಿನಿಂದ ಎದ್ದುಬಿಡುತ್ತದೆ. ಇದಕ್ಕೆ ಅಳತೆ ಬೋಲ್ಟಿನಲ್ಲೇ ಇದೆ. ಸ್ಪ್ಯಾನರಿನಿಂದ ಮೊದಲ ಬಿಗಿ ಸಡಿಲಿಸಿದ ಮೇಲೆ ಬೋಲ್ಟ್ ಬೆರಳಿನಲ್ಲೇ ತಿರುಗಿ ಹೊರಬಂದರೆ ಜಾಕ್ ಸರಿಯಾದ ಎತ್ತರದಲ್ಲಿದೆ, ಭಾರವೆಲ್ಲ ಜಾಕಿನದು ಎಂದರ್ಥ. ಬೋಲ್ಟ್ ಕಚ್ಚಿಕೊಂಡು ಕಿರುಗುಟ್ಟಿದರೆ ಜಾಕನ್ನು ಕೂದಲೆಳೆಯಷ್ಟು ಏರಿಸಿಯೋ ಇಳಿಸಿಯೋ ಮತ್ತೆ ನೋಡಬೇಕು.

ನಾಲ್ಕೂ ಹೊರಬಂದ ಮೇಲೆ ಐದು ಸೆಂಟಿಮೀಟರ್ ಇಳಿಸಿ ನಿಲ್ಲಿಸಿ. ಟಾರ್ಚ್ ಹಿಡಿದು ಸುತ್ತ ನೋಡಿ. ಇಳಿಸಿ, ಮತ್ತೆ ನಿಲ್ಲಿಸಿ. ನಾವು ಎರಡನೆಯ ಸಲ ನಿಂತಾಗ ಗೇರ್‌ಬಾಕ್ಸಿನ ಪಕ್ಕದಲ್ಲಿ ತೆಳುವಾದ ಜೋಡಿ ತಂತಿ ತಂತಿವಾದ್ಯದಂತೆ ಬಿಗಿದುಕೊಂಡಿತ್ತು. ರಿವರ್ಸ್ ದೀಪದ ಸ್ವಿಚ್ಚಿನದು. ಇನ್ನೊಂದು ಬೆರಳಗಲ ಇಳಿಸಿದ್ದರೆ ಕಿತ್ತುಬರುತ್ತಿತ್ತು. ಗೇರ್‌ಬಾಕ್ಸನ್ನು ಕಾರಿನ ಮೈಗೆ ಸೇರಿಸುವ ಹೆಣೆದ ಅರ್ಥ್ ಪಟ್ಟಿಯೂ ಹೀಗೆ ಉಳಿದುಹೋಗುವ ವಸ್ತು.

ನೆಲಕ್ಕಿಳಿದ ಎಂಜಿನ್ನನ್ನು ಮೆಲ್ಲಗೆ ಹಿಂದಕ್ಕೆಳೆದು ಹೊರತಂದಾಗ, ಆವರೆಗೆ ಮೇಲಿನಿಂದ ಫ್ಯಾನ್ ಮತ್ತು ಪೈಪುಗಳ ಗೋಜಲಾಗಿ ಮಾತ್ರ ಕಂಡದ್ದು ಪೂರ್ಣ ರೂಪದಲ್ಲಿ ಎದುರಿಗೆ ನಿಲ್ಲುತ್ತದೆ. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡದೆ ಅದರ ಮುಂದೆ ಕೂತಿದ್ದೆವು. ಬಳಿಕ ಗೇರ್‌ಬಾಕ್ಸ್ ಬೇರ್ಪಡಿಸಿದಾಗ ಕ್ಲಚ್ ಜಾರಿದ ಕಾರಣ ಕಣ್ಣಿಗೇ ಕಂಡಿತು. ಆ ಕಾಲದ ಎಸ್‌ಸಿಗಳಲ್ಲಿ ಕ್ಲಚ್ ತಟ್ಟೆಯ ನಡುಭಾಗ ರಬ್ಬರಿನದು. ನಮ್ಮದರಲ್ಲಿ ಅದು ಬಿರಿದು ಚೂರುಚೂರಾಗಿತ್ತು, ಮೇಲೆ ಸೋರಿದ ಎಣ್ಣೆಯೂ ತಟ್ಟೆಗೆ ತಾಗಿತ್ತು. ಎಣ್ಣೆಯ ಮೂಲ ಕ್ಲಚ್ ಕೂರುವ ಭಾರದ ಚಕ್ರವಾದ ಫ್ಲೈವೀಲಿನ ಹಿಂದಿನ ಆಯಿಲ್ ಸೀಲು, ಮತ್ತು ಎಂಜಿನ್ನಿನ ನೆತ್ತಿಯಲ್ಲಿ ಕೈ ತೂರದ ಮೂಲೆಯಲ್ಲಿರುವ ಥರ್ಮೋಸ್ಟಾಟ್, ಆಯಿಲ್ ಪ್ರೆಶರ್ ಸ್ವಿಚ್, ಎಂಜಿನ್ನಿನೊಳಗಿನ ಆವಿ ಹೊರಹೋಗುವ ಉಸಿರುಮುಚ್ಚಳದ ಪ್ಯಾಕಿಂಗ್. ಈ ಕೊನೆಯ ಮೂರೂ ಸೇರಿದ ಜಾಗವನ್ನು ಈ ಕಾರಿನ ಬಳಗದವರು ಸಾವಿನ ತ್ರಿಕೋನ ಎನ್ನುತ್ತಾರೆ. ಎಂಜಿನ್ ಕೆಳಗಿರುವಾಗ ಅವುಗಳ ಬದಲಾವಣೆಗೆ ತಗಲುವುದು ಪುಡಿಗಾಸು. ಹಾಗೆಯೇ ಪೆಟ್ರೋಲಿನ ಹಳೆಯ ರಬ್ಬರ್ ಪೈಪುಗಳನ್ನೆಲ್ಲ, ನೋಡಲು ಚೆನ್ನಾಗಿದ್ದರೂ ಸರಿ, ಹೊಸದಾಗಿಸಿ. ಬಿಸಿ ಎಂಜಿನ್ನಿನ ಮೇಲೆ ಬಿರಿದ ಪೈಪು ಪೆಟ್ರೋಲ್ ಹನಿಸಿದರೆ ಇಡೀ ಕಾರು ಹೊತ್ತಿ ಉರಿಯುತ್ತದೆ.

ಮೇಲೇರಿಸುವುದು ಇದೇ ದಾರಿಯ ಹಿಮ್ಮುಖ ಪಯಣ. ಎರಡು ಕಡೆ ಮಾತ್ರ ವಿಶೇಷ ಗಮನ ಬೇಕು. ಮೊದಲನೆಯದು ತಗಡಿನ ಸುತ್ತಲಿನ ರಬ್ಬರ್ ಪಟ್ಟಿ. ಎಂಜಿನ್ ಕೊನೆಯ ಅಂಗುಲ ಏರುವಾಗ ಅದು ಮಡಚಿಕೊಂಡರೆ ಬಿಸಿ ಗಾಳಿ ಮೇಲೆ ನುಗ್ಗುತ್ತದೆ, ಕಾರಣ ತಿಳಿಯದೆ ಎಂಜಿನ್ ಬಿಸಿಯೇರುತ್ತಲೇ ಇರುತ್ತದೆ. ಒಬ್ಬರು ಜಾಕ್ ಒತ್ತುವಾಗ ಇನ್ನೊಬ್ಬರು ಬೆರಳಿನಿಂದ ಪಟ್ಟಿಯನ್ನು ಉದ್ದಕ್ಕೂ ಸವರಿ ಕೂರಿಸಬೇಕು. ಎರಡನೆಯದು ಆ ಅರ್ಥ್ ಪಟ್ಟಿ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿರುವುದರಿಂದ ಕಾರಿನ ಮೈಗೂ ಅದಕ್ಕೂ ಸರಿಯಾದ ವಿದ್ಯುತ್ ಸಂಪರ್ಕ ಆ ಪಟ್ಟಿಯೊಂದೇ. ಅದನ್ನು ಮರೆತು ಸ್ಟಾರ್ಟ್ ಮಾಡಿದರೆ ಸ್ಟಾರ್ಟರಿನ ಭಾರಿ ಕರೆಂಟು ಕ್ಲಚ್ ಕೇಬಲನ್ನೇ ದಾರಿ ಮಾಡಿಕೊಂಡು ಅದನ್ನು ಸುಡುತ್ತದೆ.

ಎಣ್ಣೆ ತುಂಬಿದ ಕೂಡಲೇ ಸ್ಟಾರ್ಟ್ ಮಾಡಬಾರದು. ಎಂಜಿನ್ನಿನೊಳಗೆ ಎಣ್ಣೆ ಹರಿಯುವ ದಾರಿಗಳು ಬರಿದಾಗಿವೆ. ಕಿಡಿಗೆ ವಿದ್ಯುತ್ತು ಕೊಡುವ ಇಗ್ನಿಷನ್ ಬಾಕ್ಸಿನ ಪ್ಲಗ್ ಕಳಚಿಟ್ಟು, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಟ್ಟು, ಸ್ಟಾರ್ಟರಿನಿಂದ ಎಂಜಿನ್ನನ್ನು ಬರಿದೇ ತಿರುಗಿಸಬೇಕು. ಹತ್ತು ಸೆಕೆಂಡು ತಿರುಗಿಸಿ, ಬಿಟ್ಟು, ಮತ್ತೆ ಹತ್ತು ಸೆಕೆಂಡು. ಆಯಿಲ್ ಪ್ರೆಶರ್ ಮುಳ್ಳು ಮೇಲೇಳುವ ತನಕ ಹೀಗೆಯೇ. ಮುಳ್ಳು ಎದ್ದ ಮೇಲೆ ಪ್ಲಗ್ಗು, ಫ್ಯೂಸು ಹಾಕಿ ಕೀಲಿ ತಿರುಗಿಸಿ. ಎಣ್ಣೆಯ ಮಟ್ಟವನ್ನು ಕೂಡಲೇ ನೋಡಬಾರದು. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಸಮತಟ್ಟಾದ ನೆಲದಲ್ಲಿ ಮೆಲ್ಲಗೆ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು ನೋಡಿ, ಅರ್ಧರ್ಧ ಲೀಟರಿನಂತೆ ಸುರಿಯುತ್ತ ಗೆರೆ ಮುಟ್ಟಿಸಬೇಕು.